ಹಾಡುಗಳ ಮುಖಚಿತ್ರ ಕಾಣೆಯಾಗಿ ಯಜಮಾನರ ಮಾತು ಎರಡನೆಯ ಸಲ ನಿಂತುಹೋದ ಬಗ್ಗೆ

ಇಂದ:
ನಿವೃತ್ತ ಕಂಡಕ್ಟರರ ಹೆಂಡತಿ,
ಹೊಲಿಗೆ ಅಂಗಡಿಯ ಮೇಲಿನ ಮನೆ, ಕಬ್ಬಿಣದ ಮೆಟ್ಟಿಲು.
(ಕೆಳಗೆ ನಿಂತು ಕೂಗಿದರೆ ಸಾಕು, ಕೇಳಿಸುತ್ತದೆ.)

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಫೋನಿನಲ್ಲಿ ಹಾಡು ನುಡಿಸುವ ಆ್ಯಪಿನ ಚಿತ್ರ ವಿಭಾಗ.
(ಅಂಥ ವಿಭಾಗ ಇಲ್ಲದಿದ್ದರೆ, ಇಲ್ಲವೆಂದು ತಿಳಿಸುವ ವಿಭಾಗ.)

ವಿಷಯ: ಆಲ್ಬಮ್ಮುಗಳ ಮುಖಚಿತ್ರ ಅಳಿಸಿಹೋದ ಬಗ್ಗೆ, ಹಾಗೂ ನಾವು ಮತ್ತೆ ಕೂರಿಸಿಕೊಂಡ ಚಿತ್ರಗಳನ್ನು ತಾವು ಸುಧಾರಿಸದೆ ಬಿಡಬೇಕೆಂಬ ಬಗ್ಗೆ.

ಉಲ್ಲೇಖ:
1. ನಮ್ಮ ದೂರಿಗೆ ತಮ್ಮ ಆ್ಯಪು ಕಣ್ಣು ಮಿಟುಕಿಸುವಷ್ಟರಲ್ಲಿ ಕೊಟ್ಟ ಉತ್ತರ: "ನಿಮ್ಮ ಅನುಭವ ನಮಗೆ ಅಮೂಲ್ಯ."
2. ಅದರ ಕೆಳಗಿದ್ದ ಪ್ರಶ್ನೆ: "ಈ ಉತ್ತರದಿಂದ ಸಹಾಯವಾಯಿತೇ? ಆಯಿತು / ತುಂಬಾ ಆಯಿತು."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಅರ್ಜಿದಾರಳ ಯಜಮಾನರು ಬಸ್ಸಿನ ಕಂಡಕ್ಟರರಾಗಿ ದುಡಿದವರು. ಬಾಯಿಗೆ ಬಿಡುವೆಂಬುದು ಇರಲಿಲ್ಲ. ಸೀಟಿಗಾಗಿ ಜಗಳ ಕಾಯುವ ಇಬ್ಬರನ್ನೂ ಮಾತಿನಲ್ಲೇ ನಗಿಸಿ, ಆ ಸೀಟಿನಲ್ಲಿ ಮೂರನೆಯವರನ್ನು ಕೂರಿಸುತ್ತಿದ್ದರು. ಹೀಗಿರುವಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಬಿತ್ತು, ಮಾತೂ ಹೋಯಿತು. ಬಸ್ಸು ಹೊರಡಿಸಲು ಕೂಗುತ್ತಿದ್ದ "ರೈಟ್" ಒಂದು ಉಳಿಯಿತು. ನಿಲ್ಲಿಸಲು ಕೂಗುತ್ತಿದ್ದ "ಹೋಲ್ಡಾನ್" ಉಳಿಯಲಿಲ್ಲ. ಆದಕಾರಣ, ಇನ್ನೊಂದು ತುತ್ತು ಬೇಕೇ ಎಂದರೂ ರೈಟ್, ಸಾಕೇ ಎಂದರೂ ರೈಟ್, ಬಿಸಿನೀರು ಮೈ ಸುಟ್ಟರೂ ರೈಟ್.

2. ಮಾತು ಕಲಿಸುವ ಡಾಕ್ಟರಮ್ಮ ಒಂದು ಕಟ್ಟು ಚಿತ್ರದ ಕಾರ್ಡು ಕೊಟ್ಟರು. ಲೋಟ, ಮಂಚ, ಕಮೋಡು, ನಗುವ ಸೂರ್ಯ. ಬೇಕಾದ್ದನ್ನು ತೋರಿಸಿದರಾಯಿತು ಎಂದರು. ಯಜಮಾನರು ನಗುವ ಸೂರ್ಯನನ್ನೇ ಮೊದಲು ಕಿಟಕಿಯಿಂದಾಚೆ ಎಸೆದರು. ಉಳಿದವು ಅದರ ಹಿಂದೆ ಹೋದವು. ಕೆಳಗಿನ ದರ್ಜಿ ಎಲ್ಲವನ್ನೂ ಆರಿಸಿ ತಂದು, "ನಿಮ್ಮನೇಲಿ ಚಿಕ್ಕ ಮಗು ಇದೆಯಾ ಅಮ್ಮ?" ಎಂದು ಕೇಳಿದ. ಯಜಮಾನರು ಗೋಡೆಯ ಕಡೆ ತಿರುಗಿ ಮಲಗಿದರು.

3. ಆದರೆ ಯಜಮಾನರಿಗೆ ಹಾಡಿನ ಹುಚ್ಚು. ಅವರ ಕ್ಯಾಸೆಟ್ಟುಗಳನ್ನೆಲ್ಲ ಸೊಸೆ ಹಿಂದೆಯೇ ಫೋನಿಗೆ ಇಳಿಸಿ, ಡಬ್ಬಿಗಳ ಮೇಲಿನ ಚಿತ್ರದ ಫೋಟೊ ತೆಗೆದು ಒಂದೊಂದು ಆಲ್ಬಮ್ಮಿಗೂ ಹಚ್ಚಿದ್ದಳು. ಯಜಮಾನರು ಎಡಗೈ ಬೆರಳಿನಲ್ಲಿ ಆ ಚಿತ್ರಗಳನ್ನು ಒತ್ತುತ್ತಾ ಒತ್ತುತ್ತಾ ತಾವೇ ಒಂದು ಭಾಷೆ ಕಟ್ಟಿಕೊಂಡರು. ದೋಣಿಯ ಚಿತ್ರದ ಆಲ್ಬಮ್ ಹಾಡಿದರೆ ಬಚ್ಚಲಿಗೆ ಕರೆದೊಯ್ಯಬೇಕು. ಮೊಂಬತ್ತಿಯದು ಹಾಡಿದರೆ ದೀಪ ಆರಿಸಿ ಬಾಗಿಲೆಳೆದುಕೊಂಡು ಹೋಗಬೇಕು. ಮೀಸೆ ತಿರುವುವ ಗಾಯಕನದು ಹಾಡಿದರೆ ಬಂದ ನೆಂಟರು ಇನ್ನು ಏಳಬೇಕು. ಮನೆಯವರು ಎಲ್ಲಿದ್ದರೂ ಹಾಡು ಕಿವಿಗೆ ಬಿದ್ದರೆ ಸಾಕಿತ್ತು. ಅರ್ಜಿದಾರಳ ತಮ್ಮನಿಗೆ ಮಾತ್ರ ಇದು ತಿಳಿಯದು. "ಭಾವಂಗೆ ನನ್ನ ಕಂಡ್ರೆ ಎಷ್ಟು ಪ್ರೀತಿ ನೋಡಕ್ಕ, ನಾನು ಬಂದಾಗೆಲ್ಲ ಇದೇ ಹಾಡು ಹಾಕ್ತಾರೆ" ಎಂದು ತಾಳ ಹಾಕುತ್ತಾ ಕೂರುತ್ತಿದ್ದ.

ಇನ್ನೊಂದು ಆಲ್ಬಮ್ ಇತ್ತು. ಮುಚ್ಚಿದ ಬಾಗಿಲಿನ ಚಿತ್ರ, ನಿಧಾನವಾದ ಹಳೆಯ ಹಾಡುಗಳು. ಅರ್ಜಿದಾರಳು ಕೆಲಸ ಮುಗಿಸಿ ಮಂಚದ ಪಕ್ಕ ಕುಳಿತಾಗ ಅದನ್ನು ಹಾಕುತ್ತಿದ್ದರು. ಏನು ಬೇಕು ಎಂದು ಕೇಳಿದರೆ ಏನೂ ತೋರಿಸುತ್ತಿರಲಿಲ್ಲ.

4. ಸದರಿ ತಮ್ಮನೇ ಒಂದು ದಿನ ಫೋನು ಕೈಗೆತ್ತಿಕೊಂಡು, "ಅಯ್ಯೋ ಅಕ್ಕ, ಯಾವ ಕಾಲದ ಆ್ಯಪು ಇದು! ಹೊಸದು ಬಂದಿದೆ" ಎಂದು ಎಲ್ಲವನ್ನೂ ಹೊಸದು ಮಾಡಿದ. ತಮ್ಮ ಆ್ಯಪು ಅವನಿಗೆ ಅಭಿನಂದನೆ ಹೇಳಿತು. ಮರುಕ್ಷಣ ದೋಣಿ, ಮೊಂಬತ್ತಿ, ಮೀಸೆ, ಬಾಗಿಲು ಒಂದೂ ಇಲ್ಲ. ಉದ್ದಕ್ಕೂ ಬೂದುಬಣ್ಣದ ಚೌಕ, ಚೌಕದೊಳಗೆ ಒಂದು ಸಂಗೀತದ ಗುರುತು. ಸಂಗೀತದ ಆ್ಯಪಿನಲ್ಲಿ ಇರುವುದು ಸಂಗೀತ ಎಂದು ತಿಳಿಸಿದ್ದಕ್ಕೆ ಅರ್ಜಿದಾರಳು ಋಣಿ. ಯಜಮಾನರು ಒಂದು ಚೌಕ ಒತ್ತಿದರು, ಇನ್ನೊಂದು ಒತ್ತಿದರು, "ರೈಟ್, ರೈಟ್, ರೈಟ್" ಎಂದು ಕೂಗಿದರು. ಸದರಿ ತಮ್ಮನು ತನ್ನ ಬೆನ್ನು ತಾನೇ ತಟ್ಟಿಕೊಂಡು, "ಖುಷಿಯಾಗಿದೆ ಭಾವಂಗೆ" ಎಂದ.

5. "ಸುಮ್ನಿರಕ್ಕ, ಅದಕ್ಕೂ ದಾರಿ ಇದೆ" ಎಂದು ಅವನು "ಕಾಣೆಯಾದ ಚಿತ್ರಗಳನ್ನು ತಾನಾಗಿ ಹುಡುಕು" ಎಂಬುದನ್ನೂ ಒತ್ತಿದ. ತಮ್ಮ ಆ್ಯಪು ಹುಡುಕಿತು. ಎಲ್ಲಿ ಹುಡುಕಿತೋ ದೇವರೇ ಬಲ್ಲ. ಬಾಗಿಲಿದ್ದ ಕಡೆ ತೋಳುಬ್ಬಿಸಿದ ಪೈಲ್ವಾನ ಬಂದ. ಅದು ಹೋಗಲಿ ಎಂದರೆ, ಮೊಂಬತ್ತಿಯ ಹಾಡುಗಳ ಮೇಲೆ ದೋಣಿಯ ಚಿತ್ರ ತಂದು ಕೂರಿಸಿತು. ಮುಸ್ಸಂಜೆ ಯಜಮಾನರು ದೋಣಿ ಕಂಡು ಖುಷಿಯಿಂದ ಒತ್ತಿದರು. ಅಡುಗೆಮನೆಯಲ್ಲಿದ್ದ ಸೊಸೆಗೆ ಮೊಂಬತ್ತಿಯ ಹಾಡು ಕೇಳಿಸಿತು. ಅವಳು ಬಂದು, "ಇಷ್ಟು ಬೇಗ ಮಲಗ್ತೀರಾ ಮಾವ?" ಎಂದಳು. "ರೈಟ್!" ಎಂದು ಅವರು ಕಿರುಚಿದರು. ಅವಳು ದೀಪ ಆರಿಸಿ ಬಾಗಿಲೆಳೆದುಕೊಂಡಳು. ಮುಂದಿನದನ್ನು ಅರ್ಜಿಯಲ್ಲಿ ವಿವರಿಸುವ ಪದ್ಧತಿ ಇಲ್ಲ. ಹಾಸಿಗೆ ಒಗೆಯಲಾಯಿತು. ಸೊಸೆ ಅತ್ತಳು. ಯಜಮಾನರು ಫೋನು ಮುಟ್ಟುವುದನ್ನೇ ಬಿಟ್ಟು ಮತ್ತೆ ಗೋಡೆಯ ಕಡೆ ತಿರುಗಿದರು. ಆದ್ದರಿಂದ, ಮೊದಲ ಸಲ ಮಾತು ಹೋಗಿದ್ದು ಕಾಯಿಲೆಯಿಂದ, ಎರಡನೆಯ ಸಲ ತಮ್ಮಿಂದ ಎಂದು ಅರ್ಜಿದಾರಳು ವಿನಯದಿಂದ ದಾಖಲಿಸುತ್ತಾಳೆ.

6. ಅರ್ಜಿದಾರಳು ಫೋನು ರಿಪೇರಿ ಅಂಗಡಿಗೆ ಹೋದಳು. "ಹಾಡು ಕೇಳಿಸ್ತಿದೆ ತಾನೇ ಅಜ್ಜಿ? ಚಿತ್ರ ಕಟ್ಕೊಂಡು ಏನ್ಮಾಡ್ತೀರಿ?" ಎಂದ ರಿಪೇರಿಯವನು.

"ಮಾತಾಡ್ತೀವಪ್ಪ."

ಅವನು ಸ್ಟೂಲು ಎಳೆದು ಕೂರಿಸಿದ. ಮೊದಲು ಚಿತ್ರಗಳು ಹಾಡಿನ ಪಕ್ಕದಲ್ಲಿ ಇದ್ದವಂತೆ, ಹೊಸ ಆ್ಯಪು ಅವನ್ನು ಕಸವೆಂದು ಅಳಿಸಿಹಾಕಿತಂತೆ, ಇನ್ನು ಪಕ್ಕಕ್ಕೆ ನೋಡುವುದೂ ಇಲ್ಲವಂತೆ. ಹಾಡಿನ ಫೈಲಿನ ಒಳಗೇ ಚಿತ್ರ ಕೂರಿಸಿದರೆ ಕಾಣುತ್ತದಂತೆ. ಕೂರಿಸುವುದು ಹೇಗೆಂದು ಹೇಳಿಕೊಟ್ಟ. ಆದರೆ ಕೂರಿಸಲು ಚಿತ್ರವೆಲ್ಲಿ? ಕ್ಯಾಸೆಟ್ಟುಗಳು ಗುಜರಿಗೆ ಹೋಗಿದ್ದವು. ಸೊಸೆ ತೆಗೆದ ಫೋಟೊಗಳು ಅವಳ ಹಳೆಯ ಫೋನಿನ ಸಮೇತ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದಿದ್ದವು.

7. ಆದಕಾರಣ, ಅತ್ತೆ ಸೊಸೆ ಸೇರಿ ಹೊಸ ಚಿತ್ರ ತೆಗೆದೆವು. ಬಚ್ಚಲಿಗೆ ಚೊಂಬು, ದೀಪಕ್ಕೆ ಸ್ವಿಚ್ಚು. ಯಜಮಾನರು ನೋಡಿ ಮುಖ ತಿರುಗಿಸಿದರು.

"ಅತ್ತೆ, ಇದು ಆ ಡಾಕ್ಟರಮ್ಮನ ಕಾರ್ಡೇ ಆಯ್ತಲ್ವಾ?" ಎಂದಳು ಸೊಸೆ.

"ಹಾಗಾದ್ರೆ ನೀವೇ ತೆಗೀರಿ" ಎಂದು ಅರ್ಜಿದಾರಳು ಸಿಟ್ಟಿನಿಂದ ಫೋನನ್ನು ಅವರ ಎಡಗೈಗೆ ತುರುಕಿದಳು.

ತೆಗೆದರು. ಗಾಲಿಕುರ್ಚಿಯಲ್ಲಿ ಮನೆಯೆಲ್ಲ ಸುತ್ತಿಸಿಕೊಂಡು, ಒಂದೇ ಕೈಯಲ್ಲಿ ತೆಗೆದರು. ಬಚ್ಚಲಿಗೆ, ಅವರು ಹಿಡಿದು ನಿಲ್ಲುವ ನಲ್ಲಿಯ ತುಕ್ಕುಹಿಡಿದ ಕೊಳವೆ. ದೀಪಕ್ಕೆ, ಕಪ್ಪುಗಟ್ಟಿದ ಛಾವಣಿಯ ಮೂಲೆ. ನೆಂಟರು ಏಳಬೇಕು ಎಂಬುದಕ್ಕೆ, ಬಾಗಿಲ ಬಳಿ ಅರ್ಜಿದಾರಳ ತಮ್ಮ ಬಿಟ್ಟಿದ್ದ ಚಪ್ಪಲಿ. ("ನನ್ನ ಚಪ್ಪಲೀನೂ ಫೋನಲ್ಲಿ ಇಟ್ಕೊಂಡಿದ್ದಾರಲ್ಲಕ್ಕ!" ಎಂದು ಅವನ ಕಣ್ಣು ತುಂಬಿತು.) ಕೊನೆಗೆ ಆ ಹಳೆಯ ಹಾಡುಗಳ ಆಲ್ಬಮ್ ಉಳಿಯಿತು. ಯಜಮಾನರು ಫೋನನ್ನು ಅರ್ಜಿದಾರಳ ಕಡೆ ತಿರುಗಿಸಿ ಒತ್ತಿದರು. ಅರ್ಧ ಗಲ್ಲ, ಒಂದು ಕಿವಿ, ಕೆದರಿದ ಕೂದಲು.

"ಇದೇನ್ರೀ, ತಲೆ ಬಾಚ್ಕೊಂಡು ಬರ್ತಿದ್ನಲ್ಲ! ಇದಕ್ಕೇನು ಅರ್ಥ?"

"ರೈಟ್" ಎಂದರು, ಮೆಲ್ಲಗೆ. ಸೊಸೆ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

8. ಈಗ ಮನೆಯಲ್ಲಿ ಮಾತುಕತೆ ಸರಾಗವಾಗಿದೆ. ತೊಂದರೆ ಇಷ್ಟೇ. ಯಜಮಾನರು ಆ ಆಲ್ಬಮ್ ಹಾಕಿದಾಗಲೆಲ್ಲ ತಮ್ಮ ಆ್ಯಪು ಹಾಡಿಗೆ ಅಡ್ಡ ಬಂದು ಕೇಳುತ್ತದೆ: "ಈ ಚಿತ್ರ ಅಸ್ಪಷ್ಟವಾಗಿದೆ. ಇದಕ್ಕಿಂತ ಉತ್ತಮವಾದದ್ದು ದೊರೆತಿದೆ. ಬದಲಾಯಿಸಲೇ?" ಉತ್ತಮವಾದದ್ದು ಎಂದರೆ ಅದೇ ಪೈಲ್ವಾನ. ಕೆಳಗೆ ಎರಡು ಗುಂಡಿ: "ಹೌದು" ಮತ್ತು "ಆಮೇಲೆ ಕೇಳು". ಯಜಮಾನರ ಬೆರಳು ನಡುಗುತ್ತದೆ. ಒಂದು ದಿನ ಹೌದಿನ ಮೇಲೆ ಬೀಳದೆ ಇರದು. ಸೊಸೆ ಮತ್ತೆ ಕೂರಿಸಿಕೊಟ್ಟಾಳು. ಆದರೆ ಇನ್ನೊಮ್ಮೆ ಗೋಡೆಯ ಕಡೆ ತಿರುಗಿದರೆ ಅವರನ್ನು ಈಚೆ ತಿರುಗಿಸುವ ಶಕ್ತಿ ಅರ್ಜಿದಾರಳಿಗೆ ಉಳಿದಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದಯಮಾಡಿ "ಬೇಡ" ಎಂಬ ಮೂರನೆಯ ಗುಂಡಿಯನ್ನು ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಗುಂಡಿ ದೊಡ್ಡದಿರಲಿ. ಚೆಂದವಿಲ್ಲದಿದ್ದರೂ ನಡೆಯುತ್ತದೆ.

ತಮ್ಮ ಮೇಲೆ ಇನ್ನೂ ವಿಶ್ವಾಸ ಇಟ್ಟುಕೊಂಡಿರುವ,
(ಸಹಿ) ಅರ್ಜಿದಾರಳು

ಲಗತ್ತುಗಳು:
1. ತುಕ್ಕು ಕೊಳವೆ, ಛಾವಣಿಯ ಮೂಲೆ ಮತ್ತು ಚಪ್ಪಲಿಯ ಚಿತ್ರಗಳ ನಕಲು.
2. ಪೈಲ್ವಾನನ ಚಿತ್ರ, ಮೂಲಪ್ರತಿ. ಹಿಂತಿರುಗಿಸಬೇಕಾಗಿಲ್ಲ.
3. ಅರ್ಧ ಗಲ್ಲದ ಚಿತ್ರವನ್ನು ಲಗತ್ತಿಸಿಲ್ಲ. ಅದು ಮನೆಯವರಿಗೆ ಸೇರಿದ್ದು.

ವಿ.ಸೂ.: ಉತ್ತರವನ್ನು ಕಾಗದದಲ್ಲೇ ಕಳುಹಿಸುವುದು. ಫೋನಿಗೆ ಕರೆ ಮಾಡಬಾರದು, ಯಜಮಾನರು ಮಾತಾಡುತ್ತಿರುತ್ತಾರೆ.