ಅಪ್ಪನನ್ನು ಸೋಲಿಸಲೆಂದು ಇಟ್ಟುಕೊಂಡ ಪೆಟ್ಟಿಗೆ

ಪ್ರತಿ ಮನೆಯಲ್ಲೂ ಒಬ್ಬರಿಗೆ ಮಾತ್ರ ಬೇಕಾದ, ಉಳಿದವರೆಲ್ಲರ ಕಣ್ಣಿಗೆ ಕಸವಾಗಿ ಕಾಣುವ ವಸ್ತು ಒಂದಾದರೂ ಇರುತ್ತದೆ. ನಮ್ಮ ಅತ್ತೆಯವರಿಗೆ ಅದು ಕಂಠ ಸೀಳಿದ ಹಿತ್ತಾಳೆ ಚೊಂಬು. ನನಗೆ ವಿಡಿಯೋ ಗೇಮು. ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತ, ಮಕ್ಕಳ ಕೈಯಲ್ಲಿ ಮೊಬೈಲ್ ಕಂಡರೆ ಕಿತ್ತುಕೊಳ್ಳುವ ನಲವತ್ತಮೂರು ವರ್ಷದ ಹೆಂಗಸು ಇದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಬಾಲ್ಯದ ನೆನಪು, ಅದಕ್ಕೇ ಇಟ್ಟುಕೊಂಡಿದ್ದೇನೆ ಎಂದು ಎಲ್ಲರಿಗೂ ಹೇಳುತ್ತೇನೆ. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಆ ಪೆಟ್ಟಿಗೆಯಲ್ಲಿ ನಾನು ನಮ್ಮಪ್ಪನನ್ನು ಒಂದೇ ಒಂದು ಸಲವೂ ಸೋಲಿಸಿಲ್ಲ. ಸೋಲಿಸದೆ ಅದನ್ನು ಬಿಸಾಡುವುದು ಹೇಗೆ?

ನಮ್ಮಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದಲ್ಲಾಳಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ, ಒಂದು ಲೋಡು ಕಾಯಿಯ ಜೊತೆ ಮದ್ರಾಸಿಗೆ ಹೋದವರು ಬರುವಾಗ ಈ ಪೆಟ್ಟಿಗೆ ತಂದರು. ಬೂದು ಬಣ್ಣದ ಮೈ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಒಂಬೈನೂರ ತೊಂಬತ್ತೊಂಬತ್ತು ಆಟ ಎಂದು ಬರೆದಿತ್ತು. ನಾನು ಎರಡು ದಿನ ಕೂತು ಎಣಿಸಿದೆ, ಇದ್ದದ್ದು ಏಳು. ಆ ಏಳನ್ನೇ ಹೆಸರು ಬದಲಾಯಿಸಿ ತಿರುಗಿಸಿ ಇಟ್ಟಿದ್ದರು. ನಾನು ಗಣಿತದ ಕಡೆ ವಾಲಿದ್ದು ಆವತ್ತೇ ಇರಬೇಕು. ಆದರೆ ಏನೇ ಹೇಳಿ, ಅಂಥ ಸಾಧು ಪ್ರಾಣಿ ಈಗ ಹುಡುಕಿದರೂ ಸಿಗುವುದಿಲ್ಲ. ಗುಂಡಿ ಒತ್ತಿದರೆ ಆಟ ಶುರು. ಫೋನ್ ನಂಬರು ಕೇಳುತ್ತಿರಲಿಲ್ಲ, ಅಪ್‌ಡೇಟ್ ಆಗಬೇಕು ಕಾಯಿರಿ ಎನ್ನುತ್ತಿರಲಿಲ್ಲ, ಮಧ್ಯದಲ್ಲಿ ಜಾಹೀರಾತು ತೋರಿಸುತ್ತಿರಲಿಲ್ಲ. ಮುನಿಸಿಕೊಂಡರೆ ಕ್ಯಾಸೆಟ್ಟು ತೆಗೆದು ಬಾಯಿಂದ ಎರಡು ಸಲ ಊದಿದರೆ ಸಾಕು, ಮತ್ತೆ ನಗುತ್ತಿತ್ತು. ಅದನ್ನು ಮಾಡುವವರೇ ಎಷ್ಟೋ ವರ್ಷದ ಹಿಂದೆ ಮಾಡುವುದನ್ನು ನಿಲ್ಲಿಸಿದರು. ನಮ್ಮನೆಯದು ಮಾತ್ರ ಉಳಿದಿದೆ.

ಏಳರಲ್ಲಿ ನಮ್ಮದು ಕರಾಟೆ ಆಟ. ಬಿಳಿ ಅಂಗಿಯವನು ಅಪ್ಪ, ಕೆಂಪು ಅಂಗಿಯವನು ನಾನು. ಇಲ್ಲಿ ನಿಮಗೆ ಮಂಡಿಯ ಒಂದು ಪದ್ಧತಿ ಹೇಳಬೇಕು. ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಹಿಡಿದು, ಮೇಲೆ ಟವೆಲ್ ಹೊದಿಸಿಕೊಂಡು, ಒಳಗೇ ಬೆರಳು ಅದುಮಿ ವ್ಯಾಪಾರ ಮುಗಿಸುತ್ತಾರೆ. ಮೇಲಿಂದ ನೋಡಿದವರಿಗೆ ಇಬ್ಬರೂ ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತಿರುವಂತೆ ಕಾಣುತ್ತದೆ. ಆ ವಿದ್ಯೆಯಲ್ಲಿ ಅಪ್ಪನನ್ನು ಮೀರಿಸಿದವರಿರಲಿಲ್ಲ. ರಿಮೋಟು ಕೈಗೆ ಬಂದ ಮೊದಲ ದಿನವೇ ಅವರು ಹೆಗಲ ಮೇಲಿನ ಟವೆಲ್ ತೆಗೆದು ಕೈ ಮುಚ್ಚಿಕೊಂಡರು. ಬೆರಳು ಎದುರಾಳಿಗೆ ಕಂಡರೆ ಅರ್ಧ ಸೋತಂತೆ ಎಂಬುದು ಅವರ ನಂಬಿಕೆ. ನಾನು ಹಲ್ಲು ಕಚ್ಚಿ, ಎದ್ದು ಕುಣಿದು, ರಿಮೋಟನ್ನು ಗಾಳಿಯಲ್ಲಿ ಬೀಸಿ ಆಡುತ್ತಿದ್ದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಂತೆ ಕೂತಿರುತ್ತಿದ್ದರು, ಟವೆಲ್ ಒಂದಿಷ್ಟೂ ಅಲುಗುತ್ತಿರಲಿಲ್ಲ, ಕೆಂಪು ಅಂಗಿಯವನು ನೆಲ ಕಚ್ಚಿರುತ್ತಿದ್ದ. ನಾನು ಅತ್ತರೆ, "ಮುಖದಲ್ಲಿ ಹೇಳ್ಬಾರ್ದು ಕಣಮ್ಮ, ಬೆರಳಲ್ಲಿ ಹೇಳ್ಬೇಕು. ಅಂತೇ" ಎಂದು ಮಂಡಿಯ ತೆಲುಗಿನಲ್ಲಿ ಮುಗಿಸುತ್ತಿದ್ದರು. ಬೇರೆ ಅಪ್ಪಂದಿರು ಮಕ್ಕಳಿಗಾಗಿ ಸೋಲುತ್ತಾರಂತೆ. ನಮ್ಮಪ್ಪನಿಗೆ ಆ ದುರಭ್ಯಾಸ ಇರಲಿಲ್ಲ.

ಈಗ ಇವತ್ತಿನ ತೊಂದರೆಗೆ ಬರುತ್ತೇನೆ. ನಮ್ಮ ಯಜಮಾನರು ರೇಷ್ಮೆ ಇಲಾಖೆಯವರು. ರೋಗ ತಗುಲಿದ ಹುಳುವನ್ನು ತಡಮಾಡದೆ ತಟ್ಟೆಯಿಂದ ತೆಗೆಸುವುದು ಅವರ ಉದ್ಯೋಗ. ಮನೆಯನ್ನೂ ಅದೇ ಕಣ್ಣಿಂದ ನೋಡುತ್ತಾರೆ. ಹೋದ ವರ್ಷ ದಪ್ಪ ಟೀವಿಯನ್ನು ಸಾಗಹಾಕಿ, ಗೋಡೆಗೆ ಅಂಟಿಕೊಳ್ಳುವ ತೆಳು ಟೀವಿ ತಂದರು. ಅದರ ಬೆನ್ನ ಮೇಲೆ ಎಲ್ಲ ಥರದ ತೂತೂ ಇದೆ, ನನ್ನ ಪೆಟ್ಟಿಗೆಯ ವೈರಿಗೆ ಹೊಂದುವ ತೂತು ಒಂದೂ ಇಲ್ಲ. ಅಲ್ಲಿಗೆ ಪೆಟ್ಟಿಗೆಯ ಕಥೆ ಮುಗಿಯಿತು ಎಂದು ಅವರು ತೀರ್ಮಾನಿಸಿದರು. ನಾನು ಜಗಳಕ್ಕೆ ನಿಂತೆ. ಕೊನೆಗೆ ರಾಜಿಯಾಯಿತು. ಮಾವಿನ ಸುಗ್ಗಿ ಶುರುವಾಗುವುದರೊಳಗೆ ಅದು ಓಡುವುದನ್ನು ಅವರ ಕಣ್ಣೆದುರು ತೋರಿಸಿದರೆ ಅಟ್ಟದ ಮೇಲೆ ಅದರ ಜಾಗ ಖಾಯಂ. ಇಲ್ಲದಿದ್ದರೆ ಗುಜರಿ.

ದಪ್ಪ ಟೀವಿಗಾಗಿ ನಾನು ಅಲೆಯದ ಮನೆಯಿಲ್ಲ. ಕಡೆಗೆ ಸಿಕ್ಕಿದ್ದು ನಂಗಲಿಯಲ್ಲಿ, ಲಾರಿಗಳು ನಿಲ್ಲುವ ಕಡೆಯ ಮುನಿವೆಂಕಟಪ್ಪನ ಹೋಟೆಲಿನಲ್ಲಿ. ಬೆಳಗಿಂದ ಸಂಜೆವರೆಗೆ ತೆಲುಗು ಸುದ್ದಿ ಅರಚುತ್ತಿದ್ದ ಆ ಟೀವಿಯನ್ನು ಎರವಲು ಕೇಳಿದ್ದಕ್ಕೆ, "ಟೀವಿ ಕೊಡಲ್ಲ ಮೇಡಂ, ನಿಮ್ಮ ಪೆಟ್ಟಿಗೇನೇ ಇಲ್ಲಿಗೆ ತಂದು ಆಡ್ಕೊಳ್ಳಿ" ಎಂದ. ಅಪ್ಪನಿಗೆ ಫೋನ್ ಮಾಡಿ ಒಂದು ಆಟ ಬಾಕಿ ಇದೆ ಎಂದೆ. ಭಾನುವಾರ ಬೆಳಗ್ಗೆ ಶ್ರೀನಿವಾಸಪುರದ ಬಸ್ಸಿಳಿದು ಹೋಟೆಲಿಗೇ ಬಂದರು, ಹೊಸ ಪಂಚೆ, ಇಸ್ತ್ರಿ ಮಾಡಿದ ಟವೆಲ್, ಮಂಡಿ ಪೂಜೆಗೆ ಹೊರಟವರ ಹಾಗೆ. ಎಪ್ಪತ್ತೆಂಟು ವರ್ಷ ಎಂದರೆ ನಂಬುವಂತಿರಲಿಲ್ಲ.

ಸಾಕ್ಷಿಗೆಂದು ಬಂದಿದ್ದ ಯಜಮಾನರ ಎದುರೇ ವೈರು ಸಿಕ್ಕಿಸಿದೆವು. ಅಪ್ಪ ಕ್ಯಾಸೆಟ್ಟು ಊದಿದರು. ಪರದೆ ಒಮ್ಮೆ ನಡುಗಿ, ಆ ಹಳೆಯ ಕೀಚಲು ಸಂಗೀತ ಹೊರಟಿತು. ಪುಣ್ಯಾತ್ಮ ಪೆಟ್ಟಿಗೆ ಇಷ್ಟು ವರ್ಷ ಅಟ್ಟದ ಧೂಳು ಕುಡಿದೂ ಒಂದು ಸ್ವರ ಮರೆತಿರಲಿಲ್ಲ. ಯಜಮಾನರೂ ಬಾಯಿ ಬಿಟ್ಟು ನೋಡಿದರು. ಎರಡೂ ರಿಮೋಟುಗಳ ಒಂದೊಂದು ಗುಂಡಿಯನ್ನೂ ಒತ್ತಿ ಪರೀಕ್ಷಿಸಿದೆ. ಒಂದೂ ತಪ್ಪಲಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದ ಐದಾರು ಡ್ರೈವರುಗಳು ಹಿಂದೆ ನಿಂತರು.

ಮೂರರಲ್ಲಿ ಎರಡು ಗೆದ್ದವರಿಗೆ ಗೆಲುವು. ಅಪ್ಪ ಟವೆಲ್ ಹೊದಿಸಿಕೊಂಡು ಗೋಡೆ ನೋಡತೊಡಗಿದರು. ಬಾಲ್ಯದ ಭಯದಲ್ಲಿ ನಾನು ಟವೆಲಿನ ಕಡೆಗೇ ಕಣ್ಣಿಟ್ಟೆ. ಅದು ಅಲುಗುತ್ತಿತ್ತು. ಹೆಬ್ಬೆರಳು ಹುಡುಕಾಡುವುದು, ಗುಂಡಿ ಸಿಗದೆ ಜಾರುವುದು, ಎಲ್ಲವೂ ಬಟ್ಟೆಯ ಮೇಲೆ ಕಾಣುತ್ತಿತ್ತು. ಮಗಳಾದವಳು ಅಲ್ಲಿಗೆ ಕೈ ತಡೆಯಬೇಕಿತ್ತು. ಆದರೆ ಸುಳ್ಳು ಯಾಕೆ ಹೇಳಲಿ, ಕೈ ಕೇಳಲಿಲ್ಲ. ಮೊದಲನೆಯದು ಗೆದ್ದೆ. ಎರಡನೆಯದನ್ನು ಇನ್ನೂ ಬೇಗ ಗೆದ್ದೆ. ಎದ್ದು ನಿಂತು ಚಪ್ಪಾಳೆ ಬೇರೆ ತಟ್ಟಿಕೊಂಡೆ.

ಅಪ್ಪ ಟವೆಲ್ ತೆಗೆದು ತಮ್ಮ ಹೆಬ್ಬೆರಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆಟ್ಟಿಗೆಯನ್ನು ನೋಡಿದರು.

"ಪೆಟ್ಟಿಗೆ ಕೆಟ್ಟೋಗಿದೆ ಕಣಮ್ಮ. ನಾನು ಒತ್ತಿದ್ದು ಅದಕ್ಕೆ ಮುಟ್ತಾನೇ ಇಲ್ಲ."

ಹೋಟೆಲಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಪೆಟ್ಟಿಗೆ ಸರಿಯಾಗಿದೆ ಎಂದರೆ ಜನ್ಮದ ಗೆಲುವು ನನ್ನದು, ಅಟ್ಟದ ಜಾಗವೂ ನನ್ನದು, ಕೆಟ್ಟಿರುವುದು ಮಾತ್ರ ಅಪ್ಪನ ಬೆರಳು. ಪೆಟ್ಟಿಗೆ ಕೆಟ್ಟಿದೆ ಎಂದರೆ ಗೆಲುವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಮೂವತ್ತು ವರ್ಷ ಕಾದದ್ದು ಇದಕ್ಕೇನಾ?

"ಹೌದಪ್ಪ," ಎಂದೆ. "ಕೆಟ್ಟಿದೆ."

ಗುಜರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು, ಮಾವನ ಕೈ ನೋಡಿದರು, ವೈರು ಸುತ್ತುತ್ತ ನಿಧಾನವಾಗಿ, "ರಿಪೇರಿ ಮಾಡಿಸ್ತೀವಿ ಮಾವ" ಎಂದರು. ಹದಿನೇಳು ವರ್ಷದ ಸಂಸಾರದಲ್ಲಿ ಈ ಮನುಷ್ಯನ ಮೇಲೆ ನನಗೆ ಇಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು. ಅಪ್ಪ ಗಂಭೀರವಾಗಿ ತಲೆಯಾಡಿಸಿ, ರಿಪೇರಿಯಾದ ಮೇಲೆ ಬಂದು ಒಂದು ಕೈ ನೋಡುತ್ತೇನೆ ಎಂದವರೇ ಇಡ್ಲಿ ತರಲು ಹೇಳಿದರು.

ಅಂದಿನಿಂದ ಪೆಟ್ಟಿಗೆ ಅಟ್ಟದ ಮೇಲೆ ರಿಪೇರಿಯಲ್ಲಿದೆ. ಅಪ್ಪ ವಾರಕ್ಕೊಮ್ಮೆ ಫೋನ್ ಮಾಡಿ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಾರೆ. ಯಾವುದೋ ಒಂದು ಪಾರ್ಟು ಮದ್ರಾಸಿನಿಂದ ಬರಬೇಕಂತೆ ಎನ್ನುತ್ತೇನೆ. "ಬರ್ಲಿ ಬಿಡಮ್ಮ, ಅವಸರ ಏನಿದೆ" ಎನ್ನುವಾಗ ಅವರ ದನಿ ಹಗುರಾಗುತ್ತದೆ. ನಾನು ಆ ಆಟವನ್ನು ಗೆದ್ದಿಲ್ಲ ಎಂದು ನಮ್ಮ ಮನೆಯ ಮಟ್ಟಿಗೆ ಇತ್ಯರ್ಥವಾಗಿದೆ. ಇಷ್ಟು ಓದಿ ನನ್ನನ್ನು ದೊಡ್ಡ ತ್ಯಾಗಮಯಿ ಎಂದುಕೊಂಡಿದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಸೋಮವಾರ ಮೊದಲ ಪೀರಿಯಡ್ಡಿಗೆ ಮುಂಚೆಯೇ, ಎರಡು-ಸೊನ್ನೆಯಲ್ಲಿ ಗೆದ್ದೆ ಎಂದು ಎಲ್ಲರಿಗೂ ಹೇಳಿಯಾಗಿತ್ತು.