ಮಾಮಾನ ಖಾರದ ಕೈ

ನಮ್ಮ ಮಾಮಾನ ಕೈ ಹಿಡಿದವರು ಯಾರೂ ಅಳದೆ ಹೋಗಿಲ್ಲ. ಅವನ ಹೆಂಡತಿ, ನಮ್ಮತ್ತೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ತಪ್ಪು ತಿಳಿಯಬೇಡಿ, ಅವನು ಯಾರ ಮೇಲೂ ಕೈ ಎತ್ತಿದವನಲ್ಲ. ಎತ್ತುವ ಅಗತ್ಯವೇ ಬೀಳುತ್ತಿರಲಿಲ್ಲ. ಪ್ರೀತಿಯಿಂದ ಮುಟ್ಟಿದರೆ ಸಾಕು, ಎದುರಿನವರ ಕಣ್ಣಲ್ಲಿ ಧಾರಾಕಾರ ನೀರು.

ಮಾಮಾ ಅಂದರೆ ನಮ್ಮವ್ವನ ತಮ್ಮ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಅವನದೊಂದು ಸಣ್ಣ ದಲಾಲಿ ಅಂಗಡಿ, ಒಣಮೆಣಸಿನಕಾಯಿಯದು. ಬ್ಯಾಡಗಿ ಎಂದ ಮೇಲೆ ಬೇರೆ ಏನು ಮಾರಿಯಾರು? ಸುಗ್ಗಿಯಲ್ಲಿ ಅಂಗಳ ಕೆಂಪು, ಚೀಲ ಕೆಂಪು, ಹಮಾಲರ ಅಂಗಿ ಕೆಂಪು, ಸೀನಿ ಸೀನಿ ಊರವರ ಮೂಗೂ ಕೆಂಪು. ಇಂಥ ಊರಿನಲ್ಲಿ ಹುಟ್ಟಿ, ಅದರ ವ್ಯಾಪಾರದಲ್ಲೇ ಹೊಟ್ಟೆ ಹೊರೆಯುವ ಈ ಮನುಷ್ಯ ಕೆಂಪು ಖಾರವನ್ನು ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ! ಅವನಿಗೆ ಬೇಕಾದದ್ದು ಹಸಿರು ಚಟ್ನಿ. ಬೆಳಿಗ್ಗೆ ರೊಟ್ಟಿಗೆ ಅದು, ಮಧ್ಯಾಹ್ನ ಅನ್ನಕ್ಕೆ ಅದು, ಸಂಜೆ ಮಂಡಕ್ಕಿಗೂ ಅದೇ.

"ದಿನಾ ಕೆಂಪು ನೋಡಿ ನೋಡಿ ಕಣ್ಣು ಬ್ಯಾಸತ್ತಾವ. ಹೊಟ್ಟಿಗರ ಹಸರು ಬ್ಯಾಡೇನು?" ಎನ್ನುತ್ತಿದ್ದ.

ಪಕ್ಕದ ಅಂಗಡಿಯವರಿಗೆ ಇದು ಊರಿಗೇ ಮಾಡಿದ ದ್ರೋಹದಂತೆ ಕಾಣುತ್ತಿತ್ತು. "ಹಸೀದಿದ್ದಾಗನ ಹರಕೊಂಡು ತಿಂದುಬಿಟ್ರ ಕೆಂಪಾಗೂದು ಯಾವಾಗ, ನಾವು ಮಾರೂದು ಯಾವಾಗರೀ ಸಾವ್ಕಾರ?" ಎಂದು ಚುಡಾಯಿಸುತ್ತಿದ್ದರು. ನಾನು ಆ ದಾರಿಯಲ್ಲಿ ಹೋದರೆ "ಹಸರು ಸಾವ್ಕಾರ್ರ ಸೊಸಿ ಬಂದ್ಲು" ಎನ್ನುವವರು. ನಾನು ತಲೆ ತಗ್ಗಿಸಿ ಲಗುಬಗೆಯಿಂದ ದಾಟುತ್ತಿದ್ದೆ.

ಚಟ್ನಿ ಮಾಡುವುದೂ ಸಾದಾ ಕೆಲಸವೇ? ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಇನ್ನೂ ಹಣ್ಣಾಗದ ಹಸಿರು ಟೊಮ್ಯಾಟೊಕಾಯಿ, ಇಷ್ಟನ್ನೂ ಹಂಚಿನ ಮೇಲೆ ಮೈ ಕಪ್ಪಾಗುವ ತನಕ ಸುಡಬೇಕು. ಆ ಘಾಟಿಗೆ ಇಡೀ ಓಣಿ ಕೆಮ್ಮುತ್ತಿತ್ತು. ಆಮೇಲೆ ಕೊತ್ತಂಬರಿ, ಜೀರಿಗೆ, ಉಪ್ಪು ಸೇರಿಸಿ ಕಲ್ಲಿನ ಕಲಬತ್ತಾದಲ್ಲಿ ಕುಟ್ಟಬೇಕು. ಮಿಕ್ಸಿ ಎಂದರೆ ಅವನಿಗೆ ಸಿಟ್ಟು. ಒಂದು ದಿನ ನಮ್ಮತ್ತೆ ಕೆಮ್ಮಿ ಕೆಮ್ಮಿ ಸಾಕಾಗಿ, "ಈ ಮನ್ಯಾಗ ಒಂದ ನಾ ಇರ್ಬೇಕು, ಇಲ್ಲಾ ನಿಮ್ಮ ಚಟ್ನಿ ಇರ್ಬೇಕು" ಎಂದಳು. ಮಾಮಾ ಜಗಳಕ್ಕೆ ಹೋಗಲಿಲ್ಲ. ಕಲಬತ್ತಾವನ್ನು ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿಕೊಂಡು ಹಿಂದಿನ ಓಣಿಯ ನಮ್ಮ ಮನೆಗೆ ಬಂದ. "ಅಕ್ಕಾ, ಇನ್ನಮ್ಯಾಲೆ ನಾ ಅಲ್ಲಿರ್ತೇನಿ, ಚಟ್ನಿ ಇಲ್ಲಿರ್ತೈತಿ" ಎಂದ!

ಕುಟ್ಟಿದ್ದನ್ನು ಕೊನೆಗೆ ಕೈಯಿಂದಲೇ ಕಲಸುತ್ತಿದ್ದ. ಚಮಚ ಕೊಟ್ಟರೆ, "ಚಮಚಾಕ್ಕ ಏನ್ ಗೊತ್ತು, ಉಪ್ಪು ಎಲ್ಲಿ ಮುಟ್ಟೇತಿ ಎಲ್ಲಿ ಬಿಟ್ಟೇತಿ ಅಂತ?" ಎಂದು ಅದನ್ನು ಆಚೆ ಎಸೆಯುತ್ತಿದ್ದ. ಹೀಗೆ ವರ್ಷಗಟ್ಟಲೆ ಕಲಸಿ ಕಲಸಿ ಖಾರ ಆ ಕೈಗಳಲ್ಲಿ ಇಳಿದುಹೋಗಿತ್ತು. ಅವನಿಗೆ ಉರಿ ಗೊತ್ತಾಗುತ್ತಿರಲಿಲ್ಲ, ನಮಗೆ ಮಾತ್ರ ಗೊತ್ತಾಗುತ್ತಿತ್ತು. ಸಣ್ಣವಳಿದ್ದಾಗ ಅವನು "ನಮ್ಮವ್ವಿ" ಎಂದು ಗಲ್ಲ ಸವರಿದರೆ ನಾನು ಚೀರಿ ಓಣಿ ಒಂದು ಮಾಡುತ್ತಿದ್ದೆ. ಅವ್ವ ಎಣ್ಣೆ ಬಟ್ಟಲು ಹಿಡಿದು ಓಡಿ ಬರುತ್ತಿದ್ದಳು. ಜಾತ್ರೆ, ಬಸ್ಸು, ಸಂತೆ, ಎಲ್ಲಿಗೆ ಹೋದರೂ ನಾನು ಅವನ ಅಂಗಿಯ ತುದಿ ಹಿಡಿಯುತ್ತಿದ್ದೆನೇ ಹೊರತು ಕೈ ಹಿಡಿದವಳಲ್ಲ.

ಮುಂದೆ ನಾನು ಓದಿ ಹಾವೇರಿಯ ಒಂದು ಶಾಲೆಯಲ್ಲಿ ಮಾಸ್ತರಿಣಿಯಾದೆ. ಮೊದಲ ವರ್ಷದ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಮಾಮಾನೂ ಬಂದ. ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ನೋಡಿದರೆ ಎಂಥ ಮರ್ಯಾದಸ್ಥ! ನನಗೂ ಒಂದು ಗಳಿಗೆ ಅಭಿಮಾನವೆನಿಸಿತು. ಆ ಗಳಿಗೆಯಲ್ಲೇ ಅವನು ಮುಖ್ಯ ಅತಿಥಿಗಳ ಬಳಿ ಹೋಗಿ ಎರಡೂ ಕೈಗಳಿಂದ ಅವರ ಕೈ ಕುಲುಕಿದ. ಅತಿಥಿಗಳು ವೇದಿಕೆ ಹತ್ತಿ, ಕನ್ನಡಕ ತೆಗೆದು ಅದೇ ಕೈಯಿಂದ ಕಣ್ಣು ಒರೆಸಿಕೊಂಡು ಮಾತು ಶುರು ಮಾಡಿದರು. ವಿಷಯ, ವಿದ್ಯಾರ್ಥಿ ಜೀವನದಲ್ಲಿ ಶಿಸ್ತು. ಶಿಸ್ತಿನ ಬಗ್ಗೆ ಅಷ್ಟು ಅತ್ತವರನ್ನು ನಾನು ಇವತ್ತಿನವರೆಗೂ ನೋಡಿಲ್ಲ! "ಮಕ್ಕಳೇ, ಸಮಯಕ್ಕೆ ಸರಿಯಾಗಿ..." ಎನ್ನುತ್ತಲೇ ಬಿಕ್ಕಿದರು. ಮುಂದಿನ ಸಾಲಿನ ತಾಯಂದಿರೂ ಸೆರಗು ಬಾಯಿಗೆ ಹಿಡಿದರು. ನಮ್ಮ ಶಾಲೆಯ ಹೆಡ್ ಬಾಯಾರು ನನ್ನ ಕಿವಿಯಲ್ಲಿ, "ಎಂಥಾ ಮೆತ್ತನ ಮನಸ್ಸು ನೋಡ್ರಿ ಇವ್ರದು!" ಎಂದರು.

ಅಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಮಾಮಾನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಸಾಹೇಬ್ರ, ನೀರು ಹಚ್ಚಬ್ಯಾಡ್ರಿ, ಕೊಬ್ಬರಿ ಎಣ್ಣಿ ಹಚ್ರಿ! ನಮ್ಮ ಹುಡುಗಿನ್ನ ಕೇಳ್ರಿ, ಆಕಿಗೆ ರೂಢಿ ಐತಿ!" ಎಂದು ಕೂಗಿದ. ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ. ಎಣ್ಣೆ ತರಲು ನಾನೇ ಹೋಗಬೇಕಾಯಿತು.

ಇಂಥ ಮಾಮಾನನ್ನು ಕಟ್ಟಿಕೊಂಡು ನನ್ನ ಮದುವೆ ಕುದುರಬೇಕಿತ್ತು ನೋಡಿ! ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನಿಂದ ಒಂದು ಸಂಬಂಧ ಬಂತು. ಒಕ್ಕಲುತನದ ಮನೆ, ಹುಡುಗ ಓದಿದವನು. ಹೆಣ್ಣು ನೋಡಲು ಬಂದಾಗ ಅವನು ಅವಲಕ್ಕಿ ತಟ್ಟೆ ಕೆಳಗಿಟ್ಟು, "ನಿಮಗ ಸಾಲೀ ಕೆಲಸ ಬಿಡೂ ಮನಸ್ಸು ಐತೇನ್ರಿ?" ಎಂದು ಕೇಳಿದ. ಇಲ್ಲವೆಂದೆ. "ಹಂಗಾರ ಬಿಡಬ್ಯಾಡ್ರಿ" ಎಂದ. ಅಷ್ಟೇ ಮಾತು. ನನಗೆ ಹುಡುಗ ಮನಸ್ಸಿಗೆ ಬಂದಿದ್ದ. ಈ ಸಂಬಂಧ ತಪ್ಪಬಾರದೆಂದು ಒಳಗೊಳಗೇ ಹರಕೆ ಹೊತ್ತಿದ್ದೆ.

ಇನ್ನು ನಮ್ಮವರು ಅವರ ಮನೆ ನೋಡಲು ಹೋಗಬೇಕು. ಅಪ್ಪ, ಅವ್ವ, ಜೊತೆಗೆ ಸೋದರಮಾವ. ಅವನನ್ನು ಬಿಟ್ಟು ಹೋಗುವಂತಿಲ್ಲವಲ್ಲ! ಹೊರಡುವಾಗ ನಾನೇ ಅವನ ಚೀಲ ತಪಾಸಣೆ ಮಾಡಿ, ಬಟ್ಟೆಯ ನಡುವೆ ಅಡಗಿಸಿದ್ದ ಚಟ್ನಿ ಬಾಟಲಿ ತೆಗೆದಿಟ್ಟೆ. "ಮಾಮಾ, ಕೈ ಮುಗೀತೇನಿ, ಅಲ್ಲಿ ಚಟ್ನಿ ಸುದ್ದಿ ತಗೀಬ್ಯಾಡ" ಎಂದೆ. "ಬಾಟ್ಲಿ ಒಯ್ಯಂಗಿಲ್ಲವಾ, ಆತಲ್ಲ?" ಎಂದ. ಮಾತಿಗೆ ತಪ್ಪಲಿಲ್ಲ, ಬಾಟಲಿ ಒಯ್ಯಲಿಲ್ಲ!

ಅಲ್ಲಿ ಹಿರಿಯರು ಮಾತಿಗೆ ಕುಳಿತಾಗ ಇವನು ಹೊಲ ನೋಡುತ್ತೇನೆಂದು ಮನೆಯ ಹಿಂದಕ್ಕೆ ಹೋದನಂತೆ. ಅಲ್ಲಿದ್ದದ್ದು ಟೊಮ್ಯಾಟೊದ ಬೀಜದ ಪ್ಲಾಟು. ರಾಣೆಬೆನ್ನೂರು ಸೀಮೆಯವರಿಗೆ ಇದನ್ನು ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಅಲ್ಲಿ ಟೊಮ್ಯಾಟೊ ಬೆಳೆಯುವುದು ತಿನ್ನಲಿಕ್ಕಲ್ಲ, ಬೀಜಕ್ಕೆ. ಒಂದೊಂದೇ ಹೂವನ್ನು ಚಿಮಟಿಗೆಯಿಂದ ಬಿಡಿಸಿ, ಬೇರೆ ಜಾತಿಯ ಗಿಡದ ಪರಾಗ ಮುಟ್ಟಿಸಿ, ಗುರುತಿಗೆಂದು ತೊಟ್ಟಿನ ಎಲೆ ಕತ್ತರಿಸಿ ಬಿಡುತ್ತಾರೆ. ಅಂಥ ಕಾಯಿ ಗಿಡದಲ್ಲೇ ಹಣ್ಣಾಗಬೇಕು, ಆಗಲೇ ಬೀಜ. ಮನೆಯ ಮಕ್ಕಳಿಗೂ ಅದನ್ನು ಮುಟ್ಟುವ ಧೈರ್ಯವಿಲ್ಲ.

ಮಾಮಾ ಧೋತರದ ಉಡಿ ತುಂಬ ಹಸಿರು ಕಾಯಿ ಕಿತ್ತು ತಂದ! ಅದೂ ತೊಟ್ಟಿನ ಎಲೆ ಕತ್ತರಿಸಿದ್ದನ್ನೇ ಆರಿಸಿ ಆರಿಸಿ! ಅವ್ವನ ಕಿವಿಯಲ್ಲಿ, "ಎಂಥಾ ಚೊಕ್ಕ ಮಂದಿ ಅಕ್ಕಾ! ಕಾಯಿ ಗಿಡದಾಗ ಇದ್ದಾಗನ ತೊಟ್ಟು ಹಸನ ಮಾಡಿಟ್ಟಾರ!" ಎಂದು ಹೊಗಳಿದನಂತೆ. ಒಕ್ಕಲುತನ ಅರಿಯದ ಅವ್ವನೂ ಹೌದೆಂದಳು. ಅವನು ಅಡುಗೆಮನೆಗೆ ನುಗ್ಗಿ, ಸುಟ್ಟು, ಕುಟ್ಟಿ, ಕಲಸಿ, ಊಟಕ್ಕೆ ತಾನೇ ಬಡಿಸಿದ. ಹುಡುಗನ ಅಪ್ಪ ಒಂದು ಸಲ ಹಾಕಿಸಿಕೊಂಡರು, ಮತ್ತೆ ಹಾಕಿಸಿಕೊಂಡರು.

"ಭಾಳ ಛಲೋ ಐತ್ರಿ. ಕಾಯಿ ಬ್ಯಾಡಗಿಯಿಂದ ತಂದೀರೇನು?"

"ಛೇ, ಛೇ! ನಿಮ್ಮ ಹಿತ್ತಲದಾವ ರೀ!"

ಹುಡುಗನ ಅಪ್ಪ ರೊಟ್ಟಿ ತಾಟಿನಲ್ಲಿ ಬಿಟ್ಟು, ಎಂಜಲು ಕೈಯಲ್ಲೇ ಹಿಂದಕ್ಕೆ ಹೋಗಿ ನೋಡಿ ಬಂದು, "ಬೀಜಕ್ಕ ಬಿಟ್ಟ ಕಾಯಿ ರೀ ಅವು" ಎಂದು ಕುಳಿತರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ವಿಷಯ ತಿಳಿದ ಮಾಮಾ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕುಳಿತ. ಕೊನೆಗೆ ಒಳಗಿನಿಂದ ಹುಡುಗನ ತಾಯಿಯ ದನಿ ಕೇಳಿತು: "ಹೋಗಿದ್ದು ಹೋತು, ಊಟ ಮಾಡ್ರಿ. ನಮ್ಮ ಬೀಜ ಉಂಡಾರ, ಇನ್ನ ಹುಡುಗಿನ್ನ ಕೊಡದ ಎಲ್ಲಿ ಹೋಗ್ತಾರ?"

ಎಲ್ಲರೂ ನಕ್ಕರಂತೆ. ಮದುವೆ ನಿಶ್ಚಯವಾಯಿತು. ಆದರೆ ಅವ್ವ ಬಂದು ಇದನ್ನೆಲ್ಲ ಹೇಳಿದಾಗ ನನಗೆ ನಗು ಬರಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಮುದ್ದೆಯಾಯಿತು. ನಾನು ಆ ಮನೆಯ ಹೊಸ್ತಿಲು ತುಳಿಯುವ ಮುಂಚೆಯೇ ಕುಪ್ಪೇಲೂರಿನಲ್ಲಿ "ಬೀಜ ಉಂಡವ್ರ ಮನೀ ಹುಡುಗಿ" ಆಗಿಬಿಟ್ಟಿದ್ದೆ!

ನಮ್ಮಲ್ಲಿ ಮದುಮಗಳನ್ನು ಹಂದರಕ್ಕೆ ಕೈ ಹಿಡಿದು ಕರೆತರುವವನು ಸೋದರಮಾವ. ಅದನ್ನು ನೆನೆದೇ ನನಗೆ ನಡುಕ. ಬೀಗರೆಲ್ಲ ನೋಡುತ್ತಿರುತ್ತಾರೆ, ಫೋಟೋದವನಿರುತ್ತಾನೆ, ಕಣ್ಣಿಗೆ ಕಾಡಿಗೆ ಇರುತ್ತದೆ, ಇವನ ಕೈ ನನ್ನ ಕೈಗೆ! ಒಂದು ದಿನ ಅವನು ನಮ್ಮ ಅಡುಗೆಮನೆಯಲ್ಲಿ ಕುಟ್ಟುತ್ತಿದ್ದಾಗ ಹೇಳಿಯೇಬಿಟ್ಟೆ.

"ಮಾಮಾ, ಮದವಿ ಮುಗಿಯೂ ಮಟ ಮೆಣಸಿನಕಾಯಿ ಮುಟ್ಟಬ್ಯಾಡ. ಮಂದ್ಯಾಗ ನನಗ ನಾಚಿಕಿ ಬರ್ತೈತಿ."

ಕುಟ್ಟುವ ಸದ್ದು ನಿಂತಿತು. ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ಆತವಾ" ಎಂದ. ಎಂದೂ ಇಲ್ಲದವನು ಅಂದು ಚಟ್ನಿಯನ್ನು ಚಮಚದಿಂದ ಕಲಸಿ ಎದ್ದು ಹೋದ.

ಹಾವೇರಿಯಲ್ಲಿ ಮದುವೆ. ಮಾಮಾ ಬಂದು ಕೈ ಚಾಚಿದ. ನಾನು ಹಲ್ಲು ಕಚ್ಚಿಕೊಂಡು ಹಿಡಿದೆ. ಉರಿಯಲಿಲ್ಲ! ಬರೀ ಸಾಬೂನಿನ ವಾಸನೆ. ಹಿಂದೆ ಬರುತ್ತಿದ್ದ ಅತ್ತೆ ಪಿಸುಗುಟ್ಟಿದಳು: "ಮಜ್ಜಿಗಿ ಹಚ್ಚಿ, ಕಡ್ಲಿ ಹಿಟ್ಟು ಹಚ್ಚಿ, ನಿಂಬಿಹಣ್ಣು ತಿಕ್ಕಿ, ಕೈ ತೊಳದದ್ದ ತೊಳದದ್ದು. ನನ್ನ ಮದವ್ಯಾಗ ಹಿಂಗ ತೊಳಿಲಿಲ್ಲ ನೋಡವಾ!" ಬೆರಳ ತುದಿಗಳು ತಿಕ್ಕಿಸಿಕೊಂಡು ಕೆಂಪಗಾಗಿದ್ದವು. ಅಷ್ಟು ವರ್ಷಗಳಲ್ಲಿ ನಾನು ಅವನ ಕೈ ಹಿಡಿದದ್ದು ಅದೇ ಮೊದಲು. ದೊಡ್ಡ, ಬೆಚ್ಚಗಿನ ಕೈ.

ಊಟದ ಪಂಕ್ತಿಯಲ್ಲಿ ಕುಪ್ಪೇಲೂರಿನ ನಮ್ಮ ಮಾವನವರು ಎಲೆಯ ಮೇಲೆಲ್ಲ ಕಣ್ಣಾಡಿಸಿ, "ಎಲ್ಲೈತ್ರಿ ನಿಮ್ಮ ಹಸರು ಚಟ್ನಿ? ಅದರ ಆಸೇಕ್ಕ ಬಂದೇವಿ!" ಎಂದರು. ಮಾಮಾ ನನ್ನ ಕಡೆ ನೋಡಲೇ ಇಲ್ಲ. "ಇವತ್ತು ಇಲ್ರಿ ಬೀಗ್ರ, ಮೆಣಸಿನಕಾಯಿ ಛಲೋ ಸಿಗಲಿಲ್ಲ" ಎಂದ. ಬ್ಯಾಡಗಿಯವನಿಗೆ ಮೆಣಸಿನಕಾಯಿ ಸಿಗಲಿಲ್ಲವಂತೆ! ಆಗ ನನಗೆ ನಿಜವಾಗಿ ನಾಚಿಕೆಯಾಯಿತು. ಅವನ ಬಗ್ಗೆ ಅಲ್ಲ.

ಸಂಜೆ ನನ್ನನ್ನು ಜೀಪು ಹತ್ತಿಸುವಾಗ ಅವನು ಮಂದಿಯ ಹಿಂದೆ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಹೋಗಿ ಅಂಗಿ ಹಿಡಿದು ತಿರುಗಿಸಿದೆ. ಕಣ್ಣೆರಡೂ ತುಂಬಿ ನೀರು ಗಲ್ಲದ ಮೇಲೆ ಇಳಿಯುತ್ತಿತ್ತು.

"ಏನಿಲ್ಲವಾ" ಎಂದ, ಆ ಸಾಬೂನಿನ ಕೈಯಿಂದಲೇ ಕಣ್ಣು ಒರೆಸಿಕೊಳ್ಳುತ್ತ. "ಖಾರದ ಕೈ ತಾಗೇತಿ."

ನಾನು ಆ ಕೈಯನ್ನು ಎಳೆದು ನನ್ನ ಗಲ್ಲಕ್ಕೆ ಒತ್ತಿಕೊಂಡೆ.

"ನನಗೂ ತಾಗೇತಿ, ಮಾಮಾ" ಎಂದೆ.