ವಜೀರನ ಶಿಕಂಜಾ

ಆ ದಿನದ ಫಜೀತಿಗೆಲ್ಲ ಮೂಲ ಒಂದು ಬಿಳಿ ಚಾದರ. ವಜೀರ ತನ್ನ ಶಿಕಂಜಾವನ್ನು ಹಾಗೇ ಹೆಗಲ ಮೇಲಿಟ್ಟುಕೊಂಡು ಮೋಟಾರು ಹತ್ತಿದ್ದರೆ ಜನ ಒಮ್ಮೆ ನೋಡಿ, ಕಬ್ಬಿಣದ ಸಾಮಾನೆಂದು ಸುಮ್ಮನಾಗುತ್ತಿದ್ದರು. ಆದರೆ ಅವನಿಗೆ ಅದರ ಮೇಲೆ ಎಲ್ಲಿಲ್ಲದ ಮಮತೆ. ದೂಳು ತಾಗೀತೆಂದು ಗೋಣಿಯಲ್ಲಿ ಸುತ್ತಿ, ಗೋಣಿ ಕಾಣಬಾರದೆಂದು ಮೇಲೆ ಚಾದರ ಹೊದಿಸಿ, ಹಗ್ಗ ಬಿಗಿದು, ಹಸುಗೂಸನ್ನು ಎತ್ತಿಕೊಂಡ ಬಾಣಂತಿಯ ಹಾಗೆ ಎದೆಗಪ್ಪಿಕೊಂಡು ಹುಮನಾಬಾದಿನಲ್ಲಿ ಮೋಟಾರು ಏರಿದ.

ಶಿಕಂಜಾ ಅಂದರೆ ಕಬ್ಬಿಣದ ಎರಡು ದವಡೆಗಳ ನಡುವೆ ಕೆಲಸದ ವಸ್ತುವನ್ನು ಕಚ್ಚಿ ಹಿಡಿಯುವ ಸಾಧನ. ವಜೀರನದು ಅವನ ಉಸ್ತಾದ ಸಾಯುವಾಗ ಕೊಟ್ಟು ಹೋದದ್ದು. ಮೀಸೆ ಮೂಡುವ ಮೊದಲೇ ಹೈದರಾಬಾದಿಗೆ ಹೋಗಿ ಬಂದೂಕು ರಿಪೇರಿಯ ದುಕಾನು ಸೇರಿದ್ದ ವಜೀರ, ಈಗ ಆ ಮೀಸೆಯಲ್ಲಿ ಬೆಳ್ಳಿ ಇಣುಕುವ ಹೊತ್ತಿಗೆ ಹುಟ್ಟಿದೂರು ಕಲ್ಯಾಣಿಗೆ ಮರಳಿದ್ದ. ಈಗ ನಾವು ಬಸವಕಲ್ಯಾಣ ಅನ್ನುವ ಊರೇ ಅದು. ಶಿಕಂಜಾದ ತಿರುಪು ಸವೆದಿತ್ತು. ಅದನ್ನು ಹೊಸದಾಗಿ ಕೂಡಿಸಲು ಹುಮನಾಬಾದಿನ ಕಮ್ಮಾರ ಹುಸೇನನಲ್ಲಿ ಬಿಟ್ಟು ಬಂದಿದ್ದ. ಅದೊಂದು ಬಂದು ಕೂತರೆ ಊರಲ್ಲಿ ಹೊಸದಾಗಿ ಹಚ್ಚಿದ ಅವನ ಸ್ವಂತ ದುಕಾನು ಪೂರ್ತಿಯಾದಂತೆ.

ದುಕಾನು ಪೂರ್ತಿಯಾಗುವುದರ ಮೇಲೆ ಇನ್ನೊಂದು ಮಾತು ನಿಂತಿತ್ತು. ಮುಡಬಿಯ ಪೀರ್ ಪಾಷಾ ತನ್ನ ಮಗಳು ಶಹಜಾದಿಯನ್ನು ಕೊಡಲು ಅರ್ಧ ಒಪ್ಪಿದ್ದ. "ಮಂದಿ ಕೈಕೆಳಗ ದುಡಿಯಾಂವಗ ನನ್ನ ಮಗಳನ್ನ ಕೊಡಾಂಗಿಲ್ಲ. ತನ್ನ ದುಕಾನ್ ಹಚ್ಚಲಿ, ಹತ್ಯಾರ ಎಲ್ಲಾ ಜೋಡಸಲಿ. ಕಣ್ಣಾರೆ ನೋಡಿ ಹೂಂ ಅಂತೀನಿ" ಎಂದು ಹೇಳಿ ಕಳಿಸಿದ್ದ. ನೋಡಲು ಬರುವ ದಿನ ಇವತ್ತೇ, ಮಧ್ಯಾಹ್ನದ ನಮಾಜು ಮುಗಿಸಿಕೊಂಡು. ಶಹಜಾದಿಯನ್ನು ವಜೀರ ಒಂದು ಮದುವೆಯಲ್ಲಿ ಒಂದೇ ಸಲ ನೋಡಿದ್ದ. ಆಮೇಲೆ ಅವನ ಕೈಯಲ್ಲಿ ಕಬ್ಬಿಣ ಉಜ್ಜುವ ಅರ ಆಡುವಾಗಲೆಲ್ಲ ಅದರ ಸದ್ದೂ ಹಾಡಿನಂತೆ ಕೇಳತೊಡಗಿತ್ತು.

ಮೋಟಾರಿನಲ್ಲಿ ಪಕ್ಕಕ್ಕೆ ಕೂತಿದ್ದವಳು ಗಿರಿಜಾಬಾಯಿ, ಹುಮನಾಬಾದಿನ ಅಡತಿಯಲ್ಲಿ ತೊಗರಿ ಮಾರಿ ಬರುತ್ತಿದ್ದ ಹೆಂಗಸು. ಬಿಳಿ ಚಾದರದ ಗಂಟನ್ನು ನೋಡಿ ಮೊದಲು ಕೈ ಮುಗಿದಳು.

"ಯಾರ್ರಿ ತೀರಿಕೊಂಡಿದ್ದು? ಸಣ್ಣ ಕೂಸೇನ್ರಿ?"

"ಇಲ್ರಿ ಅಕ್ಕಾ, ಇದು ಶಿಕಂಜಾ. ಹತ್ಯಾರರಿ."

"ಹತ್ಯಾರಾ?" ಗಿರಿಜಾಬಾಯಿ ಕಸಬಿನ ಸಾಧನವನ್ನು ಆಯುಧವೆಂದು ತಿಳಿದು ಕಾಲು ಹಿಂದಕ್ಕೆಳೆದುಕೊಂಡಳು. "ಏನ್ ಮಾಡ್ತದ?"

"ಹಿಡಿತದ್ರಿ. ಒಮ್ಮೆ ಹಿಡೀತಂದ್ರ ಅಲ್ಲಾಡಾಕ ಬಿಡಾಂಗಿಲ್ಲ."

"ಯಾರನ್ನ?"

"ಬಂದೂಕ್‌ನ್ರಿ" ಎಂದ ವಜೀರ ಹೆಮ್ಮೆಯಿಂದ.

ನಿಜಾಮನ ಆಳ್ವಿಕೆ ಮುಗಿದು ಇನ್ನೂ ವರ್ಷವಾಗಿರಲಿಲ್ಲ. ಪರವಾನಗಿ ಇಲ್ಲದ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಊರೂರಲ್ಲಿ ಡಂಗುರ ಹೊಡೆಸಿದ್ದರು. ಸೈಕಲ್ಲಿನ ಗಾಲಿ ಸಿಡಿದರೂ ಜನ ಮಂಚದ ಕೆಳಗೆ ಸೇರುತ್ತಿದ್ದ ಕಾಲ. ಬಂದೂಕು ಎಂಬ ಶಬ್ದ ಮೋಟಾರಿನಲ್ಲಿ ಹಿಂದಿನಿಂದ ಮುಂದಕ್ಕೆ ಹೋಗುವುದರೊಳಗೆ ಎರಡು ಮರಿ ಹಾಕಿತ್ತು. ಡ್ರೈವರ್ ಬಕ್ಕಪ್ಪನ ಕಿವಿಗೆ ಬಿದ್ದಾಗ ಅದು ತೋಪು, ಅಂದರೆ ಫಿರಂಗಿಯೇ ಆಗಿತ್ತು.

ದಾರಿಯಲ್ಲಿ ಇಂಜಿನ್ನು ಕುದಿಯಿತು. ಬಕ್ಕಪ್ಪ ಬಾವಿಯ ಹತ್ತಿರ ನಿಲ್ಲಿಸಿ, ಬಕೇಟು ಹಿಡಿದು ಇಳಿದವನು ನೀರು ಸೇದುವುದನ್ನು ಬಿಟ್ಟು, ಸೈಕಲ್ ಮೇಲೆ ಬಂದ ಮಚ್ಚೇಂದ್ರನೊಡನೆ ಮಾತಿಗೆ ನಿಂತ. ಮಚ್ಚೇಂದ್ರ ಕೊಹಿನೂರದ ಬಳೆ ವ್ಯಾಪಾರಿ. ಹತ್ತೂರು ಸುತ್ತಿ ಬಳೆಗಿಂತ ಹೆಚ್ಚು ಸುದ್ದಿಯನ್ನು ಹಂಚುವ ಮನುಷ್ಯ. ಇಂಜಿನ್ನು ತಣ್ಣಗಾಗುವಷ್ಟರಲ್ಲಿ ಅವನು ಕಲ್ಯಾಣಿ ಮುಟ್ಟಿದ್ದ.

ವಜೀರ ಇಳಿದಾಗ ಅರ್ಧ ಊರು ನಿಂತಿತ್ತು. ಇಬ್ಬರು ಪೊಲೀಸರು ಲಾಠಿ ಚಾಚಿ, ಮಾರು ದೂರ ಉಳಿದು, "ಅದನ್ನ ಕೆಳಗ ಇಡು! ಅದರ ಮಾರಿ ಕ್ವಾಟಿ ಕಡೆ ತಿರುವಬ್ಯಾಡ!" ಎಂದು ಕೂಗಿದರು.

"ಏನ್ ತಿರುವಬ್ಯಾಡ್ರಿ?"

"ತೋಪು!"

ಸುದ್ದಿ ಕೇಳಿ ಅಮೀನ್ ನರಸಿಂಗರಾಯರೇ ಬಂದರು. ಠಾಣೆಯ ಮುಖ್ಯಸ್ಥರು, ಊರಿಗೆ ಹೊಸದಾಗಿ ಬಂದವರು. ದಪ್ಪ ದನಿ, ದಪ್ಪ ಹೊಟ್ಟೆ. ಚಾದರ ಬಿಚ್ಚಿಸಿದರು, ಗೋಣಿ ಬಿಚ್ಚಿಸಿದರು. ಎಣ್ಣೆ ಸವರಿದ ಶಿಕಂಜಾ ಬಿಸಿಲಿಗೆ ಮಿರಮಿರನೆ ಹೊಳೆಯಿತು. ಅಮೀನರು ಹಿಡಿಕೆ ಹಿಡಿದು ತಿರುವಿದರು. ದವಡೆಗಳು ಬೆಣ್ಣೆಯಲ್ಲಿ ಜಾರಿದಂತೆ ಸದ್ದಿಲ್ಲದೆ ಕೂಡಿದವು.

"ಅರೆ ವಾಹ್!" ಎಂದರು ಅಮೀನರು. ಇನ್ನೊಮ್ಮೆ ತಿರುವಿದರು. "ಭಾಳ ಚಂದ ಅದಪಾ! ಉಳಿದ ಹತ್ಯಾರ ಎಲ್ಲಿ ಅವ? ತೋರ್ಸು ನಡಿ."

ಮೆರವಣಿಗೆ ವಜೀರನ ದುಕಾನಿಗೆ ಹೊರಟಿತು. ಅವನ ಸೋದರತ್ತೆ ಕುಲ್ಸುಮ್ ಬೀಯ ಮನೆಯ ಮುಂದಿನ ಒಂದು ಕೋಣೆ ಅದು. ಒಳಗೆ ಕಾಲಿಟ್ಟ ಅಮೀನರು ಟೋಪಿ ತೆಗೆದರು. ಗೋಡೆಯ ಮೇಲೆ ಅರಗಳು ಸಾಲಾಗಿ ತೂಗಿದ್ದವು. ಚಪ್ಪಟೆ, ಗುಂಡು, ಮೂರು ಮೂಲೆಯವು, ಕೊನೆಗೆ ಇಲಿಯ ಬಾಲದಷ್ಟು ಸಣ್ಣದು. ಕಬ್ಬಿಣಕ್ಕೆ ಗಾಯವಾಗದಂತೆ ಬಡಿಯಲು ಹಿತ್ತಾಳೆಯ ಸುತ್ತಿಗೆ. ರಂಧ್ರ ಕೊರೆಯಲು ಬಿಲ್ಲಿನಿಂದ ತಿರುಗಿಸುವ ಬರಮಾ. ಬಂದೂಕಿನ ನಳಿಗೆಯ ಒಳಗನ್ನು ತಿಕ್ಕಲು ತುದಿಗೆ ಬ್ರಷ್ ಕಟ್ಟಿದ ಉದ್ದನೆಯ ಗಜಗಳು. ಪೇಚು ಅಂದರೆ ತಿರುಪುಮೊಳೆ; ಅವನ್ನು ಬಿಚ್ಚುವ ಪೇಚಕಸುಗಳಂತೂ ದೊಡ್ಡ ಸಂಸಾರದ ಮಕ್ಕಳ ಹಾಗೆ ಎತ್ತರದ ಪ್ರಕಾರ ನಿಂತಿದ್ದವು.

"ಇಷ್ಟ್ಯಾಕೋ ಪೇಚಕಸು? ಒಂದು ಸಾಲಾಂಗಿಲ್ಲೇನು?"

"ಸಾಲಾಂಗಿಲ್ರಿ ಸಾಹೇಬ್ರ. ಒಂದೊಂದು ಪೇಚಿನ ತಲಿ ಒಂದೊಂದು ತರ ಇರ್ತದ. ಸರಿಯಾಗಿ ಕೂಡಲಾರದ್ದು ಹಾಕಿದ್ರ ತಲಿ ಕೆಡ್ತದ್ರಿ. ಅದಕ ನಾನೇ ತಿಕ್ಕಿ ತಿಕ್ಕಿ ಮಾಡ್ಕೊಂಡೀನಿ."

ತೋಪು ನೋಡಲು ಬಂದು ಹೊರಗೆ ನಿಂತಿದ್ದ ಮಂದಿಯೂ ಈಗ ಬಾಗಿಲಲ್ಲಿ ತಲೆ ತೂರಿಸಿ "ಹೌದಪಾ, ಕಸಬು ಅಂದ್ರ ಇದು" ಎನ್ನತೊಡಗಿದರು. ಮಚ್ಚೇಂದ್ರ ತಾನೇ ಇದನ್ನೆಲ್ಲ ಕಲಿಸಿದವನ ಹಾಗೆ ಎಲ್ಲರಿಗೂ ವಿವರಿಸುತ್ತಿದ್ದ. ವಜೀರನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು.

ಹೊರಡುವಾಗ ಅಮೀನರು ಬಾಗಿಲನ್ನು ಬೆರಳಿನಿಂದ ತಟ್ಟಿದರು. ಅದು ಬಿದಿರಿನ ತಟ್ಟಿ. ತಟ್ಟಿದ್ದಕ್ಕೆ ಅರ್ಧ ಅವರ ಕೈಗೇ ಬಂತು.

"ಇದೇನೋ? ನಾಯಿ ತಡಿಯಾಂಗಿಲ್ಲ ಇದು. ಮಂದಿ ಬಂದೂಕು ತಂದು ಇಲ್ಲಿ ಇಡ್ತಾರ, ರಾತ್ರಿ ಯಾರರ ಎತ್ಕೊಂಡು ಹ್ವಾದ್ರ? ರಿಪೇರಿ ಮಾಡಾಕ ನಿನ್ನ ಪರವಾನಗಿ ಬಂದದ, ಖರೇ. ಆದ್ರ ಕಲ್ಲಿನ ಗ್ವಾಡಿ, ಕಬ್ಬಿಣದ ಬಾಗಲ ಇಲ್ದ ಕೆಲಸ ಶುರು ಮಾಡಾಂಗಿಲ್ಲ."

ವಜೀರ ಅಮೀನರ ದಾರಿಗಡ್ಡ ಬಂದು ನಿಂತ. "ಇವತ್ತ ಹೆಣ್ಣಿನ ಅಪ್ಪ ದುಕಾನ್ ನೋಡಾಕ ಬರಾಕತ್ಯಾರ್ರಿ ಸಾಹೇಬ್ರ!"

ಅಮೀನರು ಗದ್ದ ತುರಿಸಿಕೊಂಡರು. ಆ ಹತ್ಯಾರಗಳನ್ನು ನೋಡಿದ ಮೇಲೆ ಅವರಿಗೂ ಬಿಟ್ಟು ಹೋಗುವ ಮನಸ್ಸಿರಲಿಲ್ಲ. "ಅಂಥಾ ಖೋಲಿ ಊರಾಗ ಒಂದೇ ಅದ. ಕಲ್ಲಿನ ಗ್ವಾಡಿ, ಕಬ್ಬಿಣದ ಸರಳು, ಬೆಳಕೂ ಚಲೋ ಬರ್ತದ. ಈಗ ಖಾಲಿನೂ ಅದ. ನಿನ್ನ ಬಾಗಲ ಮಾಡಿಸೋ ತನಕ ಅಲ್ಲೇ ಕೂಡು."

"ಯಾವ ಖೋಲಿರಿ?"

"ನಮ್ಮ ಲಾಕಪ್ಪು."

ವಜೀರ ಬೇಡವೆನ್ನುವ ಮೊದಲೇ ಊರವರು ಸಾಮಾನಿಗೆ ಕೈ ಹಚ್ಚಿದ್ದರು. ಒಬ್ಬೊಬ್ಬರೂ ಒಂದೊಂದು ಹತ್ಯಾರವನ್ನು ಮದುವೆಯ ಉಡುಗೊರೆಯಂತೆ ತಲೆಯ ಮೇಲೆ ಹೊತ್ತು ಠಾಣೆಗೆ ನಡೆದರು. ಠಾಣೆಯೆಂದರೆ ಹಳೆಯದೊಂದು ದೊಡ್ಡ ಮನೆ, ಹವೇಲಿ. ಠಾಣೆ ಅಲ್ಲಿಗೆ ಬಂದು ಇನ್ನೂ ವಾರ ಕಳೆದಿರಲಿಲ್ಲ, ಬೋರ್ಡು ಕೂಡ ಹಚ್ಚಿರಲಿಲ್ಲ. ಲಾಕಪ್ಪಿನ ಕಿಟಕಿಯ ಕೆಳಗೆ ಶಿಕಂಜಾ ಕೂತಿತು. ಸರಳುಗಳಿಗೆ ಅರಗಳು ತೂಗಿದವು. ನಿಂತು ನೋಡಿದ ವಜೀರ, ಸುಳ್ಳು ಯಾಕೆ, ಹೈದರಾಬಾದಿನಲ್ಲೂ ಇಷ್ಟು ಚಂದದ ದುಕಾನು ತಾನು ಕಂಡಿಲ್ಲ ಅಂದುಕೊಂಡ.

ಇತ್ತ ಪೀರ್ ಪಾಷಾ ಬಂದಿಳಿದ. ಕುಲ್ಸುಮ್ ಬೀ ಘಾಟಿ ಹೆಂಗಸು. ಸಂಬಂಧ ಕೆಟ್ಟೀತೆಂದು ಠಾಣೆಯ ಸುದ್ದಿಯನ್ನೇ ಎತ್ತಲಿಲ್ಲ. "ನಮ್ಮ ವಜೀರನ ದುಕಾನ್ ದೊಡ್ಡ ಹವೇಲಿಗೆ ಹೋತ್ರಿ ಭಾಯಿಸಾಬ್. ಕಲ್ಲಿನ ಗ್ವಾಡಿ, ಕಬ್ಬಿಣದ ಬಾಗಲ! ಏ ಮಚ್ಚೇಂದ್ರ, ಭಾಯಿಸಾಬರನ್ನ ಕರ್ಕೊಂಡು ಹೋಗು" ಎಂದಳು.

ಮಚ್ಚೇಂದ್ರ ಅವನನ್ನು ಓಣಿಯ ಕಡೆಯ ಬಾಗಿಲಿನಿಂದಲೇ ಒಳಗೆ ಬಿಟ್ಟ. ಪೀರ್ ಪಾಷಾ ಹೊಸ್ತಿಲಲ್ಲಿ ನಿಂತು ಕಣ್ಣರಳಿಸಿದ. ಗೋಡೆಯ ಗಟ್ಟಿತನ, ಸರಳುಗಳ ದಪ್ಪ, ಸಾಲು ಹಿಡಿದ ಹತ್ಯಾರ! ಮೂಲೆಯಲ್ಲಿ ಬನಿಯನ್ನು ತೊಟ್ಟು ಚಹಾ ಕುಡಿಯುತ್ತ ಕೂತಿದ್ದ ದಪ್ಪ ಮನುಷ್ಯ ಯಾರೋ ಗಿರಾಕಿ ಇರಬೇಕು ಅಂದುಕೊಂಡ.

"ಮಾಶಾಲ್ಲಾ! ಹೂಂ ಅಂದೆ ನೋಡಪಾ, ಹೂಂ ಅಂದೆ!" ಎಂದ ಪೀರ್ ಪಾಷಾ. ಆಮೇಲೆ ಕಂಕುಳಲ್ಲಿದ್ದ ಉದ್ದನೆಯ ಗಂಟನ್ನು ಶಿಕಂಜಾದ ಪಕ್ಕಕ್ಕಿಟ್ಟು ಬಿಚ್ಚಿದ. "ಅಳಿಯನ ಕೈಗೆ ಮೊದಲ ಕೆಲಸ ನಂದೇ ಇರಲಿ ಅಂತ ತಂದೀನಿ. ನಮ್ಮಪ್ಪಂದು ಬಂದೂಕು. ಗುಂಡಿಗೆ ಬಡಿಯೋ ಕುದುರಿ ಹಿಡ್ಕೊಂಡದ. ಎಲ್ಲಾರೂ ಹೆದರಿ ಠಾಣಾಕ್ಕ ಕೊಟ್ರು, ನಾ ಏನ್ ಹುಚ್ಚೇನು? ಜೋಳದ ಕಣಕಿ ಬಣವ್ಯಾಗ ಮುಚ್ಚಿಟ್ಟಿದ್ದೆ!"

ವಜೀರ ಕಣ್ಣು ಮಿಟುಕಿಸಿದ, ಕೆಮ್ಮಿದ, ತಲೆ ಅಲ್ಲಾಡಿಸಿದ. ಪೀರ್ ಪಾಷಾ ಅದನ್ನು ನಾಚಿಕೆಯೆಂದು ತಿಳಿದ.

"ಚಲೋ ಬಂದೂಕ್ರಿ" ಎಂದರು ಅಮೀನರು, ಚಹಾದ ಬಸಿಯನ್ನು ಕೆಳಗಿಟ್ಟು, ಮೊಳೆಗೆ ತೂಗಹಾಕಿದ್ದ ಖಾಕಿ ಕೋಟನ್ನು ತೊಡುತ್ತ.

ಪೀರ್ ಪಾಷಾನ ಮುಖ ಸುಣ್ಣವಾಯಿತು. ಅಮೀನರು ಕೆಟ್ಟವರಲ್ಲ. ಮುದುಕನನ್ನೂ ವಜೀರನನ್ನೂ ನೋಡಿ ದನಿ ತಗ್ಗಿಸಿದರು. "ನೋಡು ವಜೀರ, ಇಲ್ಲಿ ತಿಳದಾಂವ ನೀ ಒಬ್ಬನೇ. ಇದು ಜಂಗು ತಿಂದ ಹಳೇ ಕಬ್ಬಿಣ, ಕುದುರಿ ನಡಿಯಾಂಗಿಲ್ಲ ಅಂದ್ರ, ಹಿರ್ಯಾರು ಚಹಾ ಕುಡುದು ಮನಿಗೆ ಹೋಗ್ಲಿ. ನಡೀತದ ಅಂದ್ರ ನಾ ಬಿಡಾಕ ಬರಾಂಗಿಲ್ಲ. ನೋಡಿ ಹೇಳು."

ಇಷ್ಟು ಸುಲಭದ ಮಾತು! ವಜೀರ ಅಲ್ಲಾನನ್ನು ನೆನೆದು ಬಂದೂಕನ್ನೆತ್ತಿ ಶಿಕಂಜಾಕ್ಕೆ ಕೊಟ್ಟ. ನೋಡಿದಂತೆ ಮಾಡಿ, ಹಳೇ ಕಬ್ಬಿಣ ಎಂದು ಹೇಳಿದರೆ ಮುಗಿಯಿತು. ದವಡೆಗಳು ಮೆತ್ತಗೆ ಕಚ್ಚಿದವು. ಅವನು ಬಗ್ಗಿದ.

ತುಕ್ಕಿನ ಕೆಳಗೆ ಬಳ್ಳಿಯ ಕೆತ್ತನೆ ಇತ್ತು. ಎಂಥ ಕೈಯೋ ಅದನ್ನು ಕೆತ್ತಿದ್ದು! ಬೆರಳಿನಿಂದ ಒರೆಸಿದ. ಬೆರಳಿಗೆ ಎಣ್ಣೆ ಬೇಕೆನಿಸಿತು. ಎಣ್ಣೆಯ ಹಿಂದೆ ಪೇಚಕಸು ಬಂತು, ಎಲ್ಲಕ್ಕಿಂತ ಸಣ್ಣದು. ಪೇಚು ಮೊದಲು ಮುನಿಸಿಕೊಂಡು, ಆಮೇಲೆ ನಿಟ್ಟುಸಿರು ಬಿಟ್ಟು ತಿರುಗಿತು. ಒಳಗಿನ ಸ್ಪ್ರಿಂಗಿನ ಕಮಾನಿಗೆ ಕಣಕಿಯ ಒಂದು ಎಸಳು ಸಿಕ್ಕಿಕೊಂಡಿತ್ತು, ಅಷ್ಟೇ. ಚಿಮಟಿಗೆಯಿಂದ ಎಳೆದ. ಹಿತ್ತಾಳೆಯ ಸುತ್ತಿಗೆಯಿಂದ ಒಂದು ಏಟು, ಮಗುವಿನ ಬೆನ್ನು ತಟ್ಟಿದಷ್ಟು. ಅಮೀನರು ಉಸಿರು ಬಿಗಿ ಹಿಡಿದಿದ್ದರು. ಪೀರ್ ಪಾಷಾ ತನ್ನ ಗತಿಯನ್ನೇ ಮರೆತು ಮುಂದಕ್ಕೆ ಬಾಗಿದ್ದ. ವಜೀರನಿಗೆ ಠಾಣೆಯೂ ಇರಲಿಲ್ಲ, ಮಾವನೂ ಇರಲಿಲ್ಲ. ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ಬಿಟ್ಟ.

ಟಕ್!

"ವಾಹ್!" ಎಂದು ಮೊದಲು ಕೂಗಿದವನು ಪೀರ್ ಪಾಷಾ. "ನಮ್ಮಪ್ಪನ ಕಾಲದಾಗೂ ಇಷ್ಟು ಚಂದ ಬಡಿದಿದ್ದಿಲ್ಲ!"

"ಉಸ್ತಾದ ಅಂದ್ರ ಉಸ್ತಾದ!" ಎಂದರು ಅಮೀನರು. ವಜೀರ ಹಣೆಯ ಬೆವರು ಒರೆಸಿಕೊಂಡು ನಕ್ಕ.

ಆಮೇಲೆ ಮೂವರೂ ಬಂದೂಕಿನ ಕಡೆ ನೋಡಿದರು.

ಅಮೀನರು ಬೇಸರದಿಂದ ಕೋಟಿನ ಗುಂಡಿ ಹಾಕಿಕೊಂಡರು. "ನಾ ಏನ್ ಮಾಡ್ಲಿ ಹೇಳು? ಟಕ್ ಅಂದಿದ್ದು ಎಲ್ಲಾರೂ ಕೇಳ್ಯಾರ. ವಜೀರ, ನಿನ್ನ ಸಾಮಾನು ಹೊರಗ ತಗೀಪಾ. ಖೋಲಿ ಬೇಕಾಗ್ಯದ."

ಕತ್ತಲಾಗುವ ಮೊದಲೇ ಅರಗಳು, ಗಜಗಳು, ಪೇಚಕಸುಗಳ ಸಂಸಾರ ಎಲ್ಲವೂ ಅಂಗಳದಲ್ಲಿ ರಾಶಿಯಾಗಿ ಬಿದ್ದವು. ಕೊನೆಗೆ ಶಿಕಂಜಾವನ್ನು ಅಪ್ಪಿಕೊಂಡು ಹೊರಬಂದ ವಜೀರ, ಸರಳುಗಳ ಆಚೆ ಕೂತ ಪೀರ್ ಪಾಷಾನ ಮುಂದೆ ತಲೆ ತಗ್ಗಿಸಿ ನಿಂತ.

"ಮಾವಾ, ತಪ್ಪಾತ್ರಿ. ಕೈ ನನ್ನ ಮಾತು ಕೇಳಲಿಲ್ಲ."

"ಇಲ್ಲಪಾ, ಸುಳ್ಳು ಯಾಕ ಹೇಳ್ಲಿ, ಬಂಗಾರದಂಥ ಕೈ ನಿಂದು" ಎಂದ ಪೀರ್ ಪಾಷಾ ಮನಸಾರೆ. "ಇಂಥಾ ಕಸಬುದಾರನ್ನ ನಾ ಜನ್ಮದಾಗ ನೋಡಿಲ್ಲ. ಆದ್ರ ಮಗಳನ್ನ ಮಾತ್ರ ಕೊಡಾಂಗಿಲ್ಲ."